ಮನೆಯಲ್ಲಿ ಹವಳದ ಅಕ್ವೇರಿಯಂ: ಜೋಡಣೆಯಿಂದ ನಿತ್ಯದ ಆರೈಕೆಯವರೆಗೆ

ಉಪ್ಪುನೀರಿನ ಟ್ಯಾಂಕ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೀನಿಗೆ ಹಾಕಿದ ಆಹಾರ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ನೀರಿಗೇ ಸೇರುತ್ತದೆ. ಹವಳಗಳು ತಮ್ಮ ಗೂಡು ಕಟ್ಟಿಕೊಳ್ಳಲು ಕ್ಯಾಲ್ಸಿಯಂ, ಕಾರ್ಬೊನೇಟ್‌ಗಳನ್ನು ನೀರಿನಿಂದಲೇ ಎಳೆದುಕೊಳ್ಳುತ್ತವೆ. ಸಮುದ್ರದಲ್ಲಿ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, 200 ಲೀಟರ್ ಗಾಜಿನ ತೊಟ್ಟಿಯಲ್ಲಿ ವಾರದೊಳಗೆ ಎದ್ದು ಕಾಣುತ್ತದೆ. ಹಾಗಾಗಿ ಇಲ್ಲಿಯ ಕೆಲಸವೆಲ್ಲ ಜಮಾ-ಖರ್ಚಿನ ಲೆಕ್ಕ. ಹೋದದ್ದನ್ನು ತುಂಬಬೇಕು, ಜಮೆಯಾದದ್ದನ್ನು ತೆಗೆಯಬೇಕು, ಎರಡನ್ನೂ ನಿಧಾನವಾಗಿ ಮಾಡಬೇಕು. ಅಂಕಿ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಹವಳ ಹೊಂದಿಕೊಳ್ಳುತ್ತದೆ. ಅಂಕಿ ದಿನಕ್ಕೊಂದು ರೀತಿ ಆದರೆ ಸಾಯುತ್ತದೆ.

ಟ್ಯಾಂಕ್ ಮತ್ತು ಜಾಗ

ಮೊದಲ ಟ್ಯಾಂಕ್ 150ರಿಂದ 250 ಲೀಟರ್ ಇರಲಿ. ಸಣ್ಣದೇ ಸುಲಭ ಅಂತ ಅನೇಕರು ಅಂದುಕೊಳ್ಳುತ್ತಾರೆ, ಆದರೆ 40 ಲೀಟರ್ ಟ್ಯಾಂಕ್‌ನಲ್ಲಿ ಒಂದು ಲೀಟರ್ ಆವಿಯಾದರೂ ಸಾವಿರಕ್ಕೆ 35 ಇರಬೇಕಾದ ಉಪ್ಪಿನಂಶ 36ರ ಹತ್ತಿರ ಹೋಗುತ್ತದೆ. 200 ಲೀಟರ್‌ನಲ್ಲಿ ಅಷ್ಟೇ ನೀರು ಹೋದರೆ ಮೀಟರಿನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ.

200 ಲೀಟರ್ ಉಪ್ಪುನೀರೇ 205 ಕೆಜಿ ತೂಗುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 300 ಕೆಜಿ ದಾಟುತ್ತದೆ. ನೆಲ ಇದನ್ನು ತಡೆಯಬೇಕು. ಸ್ಟ್ಯಾಂಡನ್ನು ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಿ, ನೀರು ತುಂಬಿದ ಮೇಲೆ ಸರಿಪಡಿಸಲು ಆಗುವುದಿಲ್ಲ. ನೇರ ಬಿಸಿಲು ಬೀಳುವ ಜಾಗ ಬೇಡ.

ಸ್ಟ್ಯಾಂಡ್ ಒಳಗೆ ಸಂಪ್, ಅಂದರೆ ಎರಡನೇ ತೊಟ್ಟಿ ಇದ್ದರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಹೀಟರ್, ರಿಟರ್ನ್ ಪಂಪ್ (ಸಂಪಿನ ನೀರನ್ನು ಮೇಲೆ ಕಳಿಸುವುದು) ಎಲ್ಲವೂ ಅಲ್ಲಿಗೆ ಹೋಗುತ್ತವೆ. ರಿಟರ್ನ್ ಪಂಪ್ ಗಂಟೆಗೆ ಟ್ಯಾಂಕಿನ ಐದು ಪಟ್ಟು ನೀರು ಎತ್ತಿದರೆ ಸಾಕು. ಒಂದು ಪರೀಕ್ಷೆಯನ್ನು ಮಾತ್ರ ಜೀವಿಗಳನ್ನು ತರುವ ಮೊದಲೇ ಮಾಡಿ: ನೀರು ತುಂಬಿ ಎಲ್ಲ ಓಡುತ್ತಿರುವಾಗ ಪಂಪಿನ ಪ್ಲಗ್ ಕಿತ್ತುಬಿಡಿ. ರಿಟರ್ನ್ ಪೈಪಿನ ಬಾಯಿ ನೀರೊಳಗೆ ಆಳದಲ್ಲಿದ್ದರೆ ಆ ಮಟ್ಟದವರೆಗಿನ ನೀರೆಲ್ಲ ಸೈಫನ್ ಆಗಿ ಕೆಳಗಿಳಿದು ಸಂಪ್ ತುಂಬಿ ಹರಿಯುತ್ತದೆ. ಪೈಪಿನ ಬಾಯಿಯನ್ನು ನೀರಿನ ಮೇಲ್ಮೈಗಿಂತ ಒಂದೆರಡು ಸೆಂಟಿಮೀಟರ್ ಕೆಳಗಷ್ಟೇ ಇಡಿ. ಪಂಪ್ ನಿಂತಾಗ ಹರಿಯದಂತೆ ಸಂಪಿನಲ್ಲಿ ಎಷ್ಟು ನೀರಿರಬಹುದೋ ಅಲ್ಲಿಗೆ ಟೇಪಿನ ಗುರುತು ಹಾಕಿ. ಆ ಗೆರೆ ದಾಟಿ ಯಾವತ್ತೂ ತುಂಬಬೇಡಿ.

ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಇಳಿದು ಆಮೇಲೆ ಮೇಲೇರಬೇಕು, ಆಗ ವೈರಿನ ಮೇಲೆ ಜಾರುವ ಹನಿ ಸಾಕೆಟ್ಟಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಉಪ್ಪುನೀರಿನ ಟ್ಯಾಂಕ್ ಜೋಡಿಸಲೇಬಾರದು.

ಹೀಟರ್‌ಗೆ ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ಸಾಕು. 200 ವ್ಯಾಟಿನ ಒಂದರ ಬದಲು 100 ವ್ಯಾಟಿನ ಎರಡು ಹಾಕಿ. ಹೀಟರ್‌ಗಳು ಕೆಟ್ಟಾಗ ಎಷ್ಟೋ ಸಲ ಆನ್ ಆದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತವೆ, ದೊಡ್ಡದಾದರೆ ಒಂದೇ ರಾತ್ರಿಯಲ್ಲಿ ಟ್ಯಾಂಕನ್ನು ಬೇಯಿಸಿಬಿಡುತ್ತದೆ. ಪ್ರತ್ಯೇಕ ಟೆಂಪರೇಚರ್ ಕಂಟ್ರೋಲರ್ ಇದ್ದರೆ ಇನ್ನೂ ಒಳ್ಳೆಯದು. ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್.

ನೀರು ಮತ್ತು ಉಪ್ಪು

ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್, ಕೆಲವೊಮ್ಮೆ ಪೈಪಿನ ತಾಮ್ರ ಕೂಡ ಇರುತ್ತದೆ. ಆರ್‌ಒ ಆದಮೇಲೆ ಡಿಅಯಾನೈಸಿಂಗ್ ರೆಸಿನ್ ದಾಟಿ ಬಂದ, ಟಿಡಿಎಸ್ (ಕರಗಿದ ಲವಣಗಳ) ಮೀಟರ್ 0 ತೋರಿಸುವ ನೀರು ಬೇಕು. ಮುಂದೆ ಆರ್‌ಒ ನೀರು ಅಂದರೆ ಇದೇ. ಕುಡಿಯುವ ನೀರಿನ ಸಾಮಾನ್ಯ ಆರ್‌ಒ ಯಂತ್ರದಲ್ಲಿ ಆ ಕೊನೆಯ ಹಂತ ಇರುವುದಿಲ್ಲ.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ರೀಫ್ ಟ್ಯಾಂಕಿಗೆಂದೇ ತಯಾರಾದ ಸಮುದ್ರ ಉಪ್ಪಿನ ಮಿಶ್ರಣ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೇಕಾಗುತ್ತದೆ, ನಿಖರ ಪ್ರಮಾಣಕ್ಕೆ ಪ್ಯಾಕೆಟ್ ನೋಡಿ. ಡ್ರಮ್ಮಿಗೆ ಮೊದಲು ನೀರು ತುಂಬಿ, ಒಳಗೆ ಪಂಪ್ ಓಡಲು ಬಿಟ್ಟು, ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಆ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ, ಸುಣ್ಣದಂಥ ಬಿಳಿ ಪುಡಿ ತಳದಲ್ಲಿ ಕೂರುತ್ತದೆ. ಅದು ಮತ್ತೆ ಕರಗುವುದಿಲ್ಲ, ಆ ನೀರಿನಲ್ಲಿ ಆಲ್ಕಲಿನಿಟಿಯೂ (ಕಾರ್ಬೊನೇಟ್‌ಗಳ ಜಮೆ) ಕ್ಯಾಲ್ಸಿಯಮ್ಮೂ ಎರಡೂ ಕಡಿಮೆ. ನೀರು ಪೂರ್ತಿ ತಿಳಿಯಾದ ಮೇಲೆ, 25 ಡಿಗ್ರಿಗೆ ಬಂದ ಮೇಲೆ ಅಳೆಯಿರಿ: ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಆರ್‌ಒ ನೀರಿನಿಂದ 0ಗೆ ಹೊಂದಿಸಿದರೆ 35ರ ಹತ್ತಿರ ಅದು ತಪ್ಪು ತೋರಿಸಬಹುದು. 35ರ ಪ್ರಮಾಣಿತ ದ್ರಾವಣದಿಂದಲೇ ಹೊಂದಿಸಿ. ಕಾರಣ ಗೊತ್ತಾಗದೆ ಹವಳಗಳು ಮುದುಡಿ ಕೂತಾಗ ಮೊದಲು ಅನುಮಾನಿಸಬೇಕಾದ್ದು ಈ ಮೀಟರನ್ನೇ.

ಆವಿಯಾದ ನೀರಿನ ಜಾಗಕ್ಕೆ ಬರಿಯ ಆರ್‌ಒ ನೀರು ಹಾಕಬೇಕು, ಉಪ್ಪುನೀರಲ್ಲ. ದಿನವೂ ಕೈಯಿಂದ ಹಾಕುವುದಕ್ಕಿಂತ ಆಟೋ ಟಾಪ್-ಅಪ್ ಜೋಡಿಸಿ. ಅದರ ಡಬ್ಬ ಮಾತ್ರ ಸಣ್ಣದಿರಲಿ. ಸೆನ್ಸರ್ ಕೆಟ್ಟು 10 ಲೀಟರ್ ಒಮ್ಮೆಲೇ ಸುರಿದರೆ 200 ಲೀಟರ್ ಟ್ಯಾಂಕ್ ಉಳಿಯುತ್ತದೆ, 50 ಲೀಟರ್ ಸುರಿದರೆ ಉಳಿಯುವುದಿಲ್ಲ.

ಕಲ್ಲು, ಹರಿವು, ಬೆಳಕು

200 ಲೀಟರಿಗೆ 12ರಿಂದ 18 ಕೆಜಿ ರಂಧ್ರಗಳಿರುವ ಒಣ ರೀಫ್ ಕಲ್ಲು ಸಾಕು. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ನೇರವಾಗಿ ಕೂರಿಸಿ, ಆಮೇಲೆ ಸುತ್ತ 1ರಿಂದ 2 ಮಿಲಿಮೀಟರ್ ಕಾಳಿನ ಅರಗೊನೈಟ್ ಮರಳು 2-3 ಸೆಂಟಿಮೀಟರ್ ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಗೋಬಿ ಮೀನು, ಸಿಗಡಿಗಳು ಬುಡ ಸಡಿಲಿಸಿ ಕಲ್ಲು ಉರುಳಿಸುತ್ತವೆ. ಹಿಂದಿನ ಗಾಜಿನಿಂದ 8-10 ಸೆಂಟಿಮೀಟರ್ ಬಿಡಿ, ಗಾಜು ಒರೆಸಲು ಕೈ ಹೋಗಬೇಕು, ಕಲ್ಲಿನ ಹಿಂದೆ ಕಸ ನಿಲ್ಲಬಾರದು.

ಟ್ಯಾಂಕಿನೊಳಗೆ ನೀರು ಕದಡುವ ಪಂಪ್‌ಗಳಾದ ವೇವ್‌ಮೇಕರ್‌ಗಳ ಒಟ್ಟು ಹರಿವು ಗಂಟೆಗೆ ಟ್ಯಾಂಕಿನ 20ರಿಂದ 40 ಪಟ್ಟು. ಒಂದೇ ದೊಡ್ಡ ಪಂಪಿಗಿಂತ ಎದುರುಬದುರಾಗಿ, ವೇಗ ಬದಲಿಸುತ್ತಾ ಓಡುವ ಎರಡು ಲೇಸು. ಹವಳದ ಎಳೆಗಳು ಎಲ್ಲ ಕಡೆಗೂ ತೂಗಾಡಬೇಕು. ಸದಾ ಒಂದೇ ಕಡೆಗೆ ಒರಗಿದ್ದರೆ ಗೂಡಿನ ಚೂಪಾದ ಅಂಚಿಗೆ ತಾಗಿ ಮಾಂಸ ಹರಿಯುತ್ತದೆ.

ಹವಳದ ಮಾಂಸದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದರ ಆಹಾರದ ಬಹುಪಾಲು ಕೊಡುವುದು, ಬೆಳಕು ಬೇಕಾಗುವುದು ಆ ಪಾಚಿಗೆ. ಮೃದು ಹವಳ ಮತ್ತು ದೊಡ್ಡ ಪಾಲಿಪಿನ (ಪಾಲಿಪ್ ಅಂದರೆ ಹವಳದ ಒಂದೊಂದು ಪುಟ್ಟ ಜೀವಿ) ಹವಳಗಳಿಗೆ 50ರಿಂದ 150 ಪಾರ್ (ಪಾಚಿ ಬಳಸಬಲ್ಲ ಬೆಳಕಿನ ಅಳತೆ), ಅಕ್ರೊಪೊರಾದಂಥ ಸಣ್ಣ ಪಾಲಿಪಿನವಕ್ಕೆ 200ರಿಂದ 350. ದಿನಕ್ಕೆ 8ರಿಂದ 10 ಗಂಟೆ. ಹೊಸ ಎಲ್‌ಇಡಿಯನ್ನು ಪೂರ್ತಿ ಶಕ್ತಿಯಲ್ಲಿ ಹಾಕಬೇಡಿ. ಅರ್ಧಕ್ಕಿಂತ ಕಡಿಮೆಯಿಂದ ಶುರು ಮಾಡಿ, ನಾಲ್ಕರಿಂದ ಆರು ವಾರಗಳಲ್ಲಿ ಏರಿಸಿ. ಬೆಳಕು ಕಡಿಮೆಯಾದರೆ ಹವಳ ನಿಧಾನಕ್ಕೆ ಕಂದಾಗುತ್ತದೆ, ಹೆಚ್ಚಾದರೆ ಕೆಲವೇ ದಿನಗಳಲ್ಲಿ ಬಿಳಿಚಿಕೊಳ್ಳುತ್ತದೆ.

ಸೈಕ್ಲಿಂಗ್, ಆಮೇಲಿನ ಕಂದು ತಿಂಗಳುಗಳು

ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಸುವವರೆಗೆ ಮೀನು ತರಬಾರದು, ಅವನ್ನು ನೆಲೆಗೊಳಿಸುವುದೇ ಸೈಕ್ಲಿಂಗ್. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ತನ್ನಿ, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ, ಲೈಟ್ ಆರಿಸಿಡಿ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಸೊನ್ನೆಗೆ ಇಳಿದರೆ ಟ್ಯಾಂಕ್ ಸಿದ್ಧ. ಒಣ ಕಲ್ಲಿನೊಂದಿಗೆ ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ವಾರ. ಸಿಹಿನೀರಿನಲ್ಲಿ ಭಯಪಡುವ ನೈಟ್ರೈಟ್ ಇಲ್ಲಿ ಅಷ್ಟು ಅಪಾಯವಲ್ಲ, ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಅದನ್ನು ಮೀನಿನ ಕಿವಿರಿಗೆ ಸೇರಗೊಡುವುದಿಲ್ಲ.

ಆಮೇಲೆ ಮರಳಿನ ಮೇಲೆ ಡಯಾಟಂ ಎಂಬ ಸೂಕ್ಷ್ಮ ಪಾಚಿಯ ಕಂದು ಪುಡಿ ಹರಡುತ್ತದೆ, ಅದು ಹೋದ ಮೇಲೆ ಹಸಿರು ಕೂದಲು ಪಾಚಿ. ಹೊಸ ಕಲ್ಲಿನ ಮೇಲೆ ಖಾಲಿ ಜಾಗ ಇರುವವರೆಗೆ ಇದು ನಡೆಯುತ್ತದೆ, ಮೂರರಿಂದ ಆರು ತಿಂಗಳು. ಟ್ರೋಕಸ್ ಬಸವನಹುಳುಗಳನ್ನು ಬಿಡಿ, ಪಾಚಿಯನ್ನು ಕೈಯಿಂದ ಕಿತ್ತು ತೆಗೆಯಿರಿ, ಕಾಯಿರಿ. ಪಾಚಿ ನೋಡಿ ಗಾಬರಿಯಾಗಿ ಫಾಸ್ಫೇಟ್ ಹೀರುವ ಮಾಧ್ಯಮ ರಾಶಿ ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡುವುದು ಈ ಹಂತದ ದೊಡ್ಡ ತಪ್ಪು. ಆಗ ಬರುವುದು ಡೈನೋಫ್ಲಜೆಲೇಟ್ ಎಂಬ ಸೂಕ್ಷ್ಮಜೀವಿ: ಕಂದು ಲೋಳೆಯ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆಯಾಗಿ ಬೆಳಕು ಬಂದ ಕೂಡಲೇ ಮತ್ತೆ ದಟ್ಟ. ಇದನ್ನು ತಿಂದ ಬಸವನಹುಳುಗಳೂ ಸಾಯಬಹುದು. ನೈಟ್ರೇಟನ್ನು 5ರಿಂದ 10, ಫಾಸ್ಫೇಟನ್ನು 0.05ರಿಂದ 0.1 ಪಿಪಿಎಂನಲ್ಲಿ ಹಿಡಿದಿಟ್ಟರೆ ಬೇರೆ ಜೀವಿಗಳು ಪೈಪೋಟಿ ಕೊಟ್ಟು ಅದನ್ನು ಹಿಂದಕ್ಕೆ ತಳ್ಳುತ್ತವೆ.

ಜೀವಿಗಳನ್ನು ತರುವಾಗ

ಮೊದಲು ಒಂದು ಜೋಡಿ ಆಸೆಲಾರಿಸ್ ಕ್ಲೌನ್ ಮೀನು. ಮೂರು ನಾಲ್ಕು ವಾರ ಬಿಟ್ಟು ಒಂದು ಗೋಬಿ ಅಥವಾ ಫೈರ್‌ಫಿಶ್. ಮ್ಯಾಂಡರಿನ್ ಎಷ್ಟೇ ಚೆಂದವಿದ್ದರೂ ಮೊದಲ ವರ್ಷ ಬೇಡ. ಅದು ಹಗಲಿಡೀ ಕೋಪೆಪಾಡ್ ಎಂಬ ಪುಟ್ಟ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು, ಹೊಸ ಟ್ಯಾಂಕಿನಲ್ಲಿ ನಿಮ್ಮ ಕಣ್ಣೆದುರೇ ಉಪವಾಸ ಸಾಯುತ್ತದೆ. ಟ್ಯಾಂಗ್ ಮೀನುಗಳಿಗೆ 200 ಲೀಟರ್ ಸಾಲದು.

ಮೀನನ್ನು ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್ ಮಾಡಿ. ಬಿಳಿ ಚುಕ್ಕೆ ರೋಗ ಮುಖ್ಯ ಟ್ಯಾಂಕಿಗೆ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು ಟ್ಯಾಂಕನ್ನು ಸುಮಾರು 76 ದಿನ ಮೀನಿಲ್ಲದೆ ಬಿಡಬೇಕಾಗುತ್ತದೆ. ಅದಕ್ಕೆ ಕೊಡುವ ತಾಮ್ರದ ಔಷಧಿ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಆ ಔಷಧಿ ಬಳಸಿದ ಬಕೆಟ್ಟನ್ನೂ ಬಲೆಯನ್ನೂ ರೀಫ್ ಟ್ಯಾಂಕಿನ ಹತ್ತಿರ ತರಬೇಡಿ.

ಹವಳಗಳಲ್ಲಿ ಮಶ್ರೂಮ್, ಲೆದರ್, ಝೋವಾಂತಿಡ್ ಮೊದಲು. ಹ್ಯಾಮರ್, ಟಾರ್ಚ್‌ಗಳು ನಾಲ್ಕೈದು ತಿಂಗಳ ನಂತರ. ಅಕ್ರೊಪೊರಾ ಒಂದು ವರ್ಷವಾದ ಮೇಲೆ. ಹೊಸ ತುಂಡನ್ನು ಹವಳದ ಡಿಪ್‌ನಲ್ಲಿ (ಕೀಟ ಕೊಲ್ಲುವ ದ್ರಾವಣ) ಅದ್ದಿ, ಬುಡದ ಪ್ಲಗ್ (ತುಂಡನ್ನು ಅಂಟಿಸಿದ ಬಿಲ್ಲೆ) ಕತ್ತರಿಸಿ ಎಸೆಯಿರಿ. ಕೀಟಗಳನ್ನು ಡಿಪ್ ಕೊಲ್ಲುತ್ತದೆ, ಬುಡಕ್ಕೆ ಅಂಟಿದ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ, ನೀವಿರುವ ದೇಶದ ಕಾನೂನು ಇನ್ನೂ ಬಿಗಿಯಿರಬಹುದು. ಏನು ಇಟ್ಟುಕೊಳ್ಳಬಹುದೆಂದು ತಿಳಿದೇ ಕೊಳ್ಳಿ. ಸಮುದ್ರದಿಂದ ಕಿತ್ತದ್ದಲ್ಲ, ಸಾಕಿ ಬೆಳೆಸಿದ ತುಂಡೇ ಇರಲಿ. ಬದುಕುಳಿಯುವುದೂ ಅದೇ ಹೆಚ್ಚು.

ಝೋವಾಂತಿಡ್, ಪಾಲಿಥೋವಾಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ತೀವ್ರ ವಿಷ ಹೊಂದಿರುತ್ತವೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಬೇಕೇ ಬೇಕು. ಅವು ಬೆಳೆದ ಕಲ್ಲನ್ನು ಕುದಿಸುವುದು, ಬಿಸಿನೀರು ಎರಚಿ ಉಜ್ಜುವುದು ಬೇಡ. ಆ ಹಬೆ ಉಸಿರಾಡಿದ ಮನೆಮಂದಿ ಆಸ್ಪತ್ರೆ ಸೇರಿದ್ದುಂಟು.

ಆಲ್ಕಲಿನಿಟಿಯ ಲೆಕ್ಕ

ಗುರಿ ಹೀಗಿರಲಿ: ಆಲ್ಕಲಿನಿಟಿ 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1250ರಿಂದ 1400. ಇವುಗಳಲ್ಲಿ ಬೇಗ ಬದಲಾಗುವುದೂ ಹವಳವನ್ನು ಬೇಗ ಕೊಲ್ಲುವುದೂ ಆಲ್ಕಲಿನಿಟಿ.

ಏನೂ ಹಾಕದೆ ಮೂರು ದಿನದ ಅಂತರದಲ್ಲಿ, ಒಂದೇ ಹೊತ್ತಿಗೆ ಅಳೆಯಿರಿ. ಸೋಮವಾರ 8.4 ಇದ್ದದ್ದು ಗುರುವಾರ 7.5 ಆಗಿದ್ದರೆ ದಿನದ ಖರ್ಚು 0.3. ನೂರು ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಅಡುಗೆ ಸೋಡಾ ಬೇಕು. ಹಾಗಾಗಿ 200 ಲೀಟರಿಗೆ ದಿನಕ್ಕೆ 1.8 ಗ್ರಾಂ. 200 ಅಂದರೆ ನಿಜವಾಗಿ ಇರುವ ನೀರು, ಕಲ್ಲು ಮರಳಿನ ಪಾಲು ಕಳೆದು ಸಂಪಿನ ನೀರು ಸೇರಿಸಿದ್ದು. ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ. ಎರಡನೆಯದರಲ್ಲಿ ಆಮ್ಲವೂ ಪಿಷ್ಟವೂ ಇರುವುದರಿಂದ ಟ್ಯಾಂಕಿಗೆ ಹಾಕಲೇಬಾರದು.

1 ಡಿಕೆಎಚ್ ಖರ್ಚಾದಲ್ಲಿ ಸುಮಾರು 7 ಪಿಪಿಎಂ ಕ್ಯಾಲ್ಸಿಯಂ ಕೂಡ ಖರ್ಚಾಗಿರುತ್ತದೆ. ಮೇಲಿನ ಟ್ಯಾಂಕಿಗೆ ಅದನ್ನು ತುಂಬಲು ದಿನಕ್ಕೆ 1.6 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬೇಕು. ಎರಡನ್ನೂ ಬೇರೆ ಬೇರೆ ಆರ್‌ಒ ನೀರಿನಲ್ಲಿ ಕರಗಿಸಿ, ಒಂದನ್ನು ಹಾಕಿ ಅರ್ಧ ಗಂಟೆಯಾದರೂ ಬಿಟ್ಟು ಇನ್ನೊಂದನ್ನು, ಹರಿವು ಜೋರಾಗಿರುವ ಕಡೆ ಹನಿಸಿ. ಒಟ್ಟಿಗೆ ಬೆರೆಸಿದರೆ ಬಟ್ಟಲಿನಲ್ಲೇ ಸುಣ್ಣವಾಗಿ ಕೂರುತ್ತವೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಟ್ಯಾಂಕಿನೊಳಗೂ ಇದೇ ಆಗುತ್ತದೆ. ಎಷ್ಟು ಹಾಕಿದರೂ ಅಂಕಿ ಏರದಿದ್ದಾಗ ಅದನ್ನು ಅಳೆಯಿರಿ.

ಆಲ್ಕಲಿನಿಟಿ 6ಕ್ಕೆ ಇಳಿದದ್ದು ಗೊತ್ತಾದರೂ ಒಂದೇ ದಿನ 9ಕ್ಕೆ ಏರಿಸಬೇಡಿ. ದಿನಕ್ಕೆ 0.5 ಸಾಕು, 1 ಕೊನೆಯ ಮಿತಿ. ಅಕ್ರೊಪೊರಾದ ತುದಿ ಸುಟ್ಟಂತೆ ಬೆಳ್ಳಗಾಗುವುದು, ಬುಡದಿಂದ ಮಾಂಸ ಸುಲಿಯುವುದು ಬಹಳ ಸಲ ಇಂಥ ಜಿಗಿತದಿಂದಲೇ. ಪಿಎಚ್ 7.8 ಕಂಡಿತೆಂದು ಪಿಎಚ್ ಏರಿಸುವ ಪುಡಿ ಹಾಕುವುದೂ ಅದೇ ಜಿಗಿತಕ್ಕೆ ದಾರಿ. ಕಾರಣ ಹೆಚ್ಚಾಗಿ ಮುಚ್ಚಿದ ಕೋಣೆಯ ಕಾರ್ಬನ್ ಡೈಆಕ್ಸೈಡ್. ಕಿಟಕಿ ತೆರೆಯಿರಿ, ಅಥವಾ ಸ್ಕಿಮ್ಮರಿನ ಗಾಳಿ ಟ್ಯೂಬನ್ನು ಹೊರಗೆ ಬಿಡಿ.

ವಾರದ ಕೆಲಸ

ದಿನವೂ ಥರ್ಮಾಮೀಟರ್ ನೋಡಿ, ಮೀನೆಲ್ಲ ಊಟಕ್ಕೆ ಬಂದವೇ ಎಂದು ಎಣಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ಫಿಲ್ಟರ್ ಸಾಕ್ (ಕಸ ಹಿಡಿಯುವ ಬಟ್ಟೆ ಚೀಲ) ಬದಲಿಸಿ, ಸ್ಕಿಮ್ಮರ್ ಕಪ್ ತೊಳೆಯಿರಿ. ವಾರಕ್ಕೊಮ್ಮೆ 10 ಶೇಕಡಾ ನೀರು ಬದಲಿಸಿ, ಹೊಸ ನೀರಿನ ಉಪ್ಪು, ಉಷ್ಣತೆ, ಆಲ್ಕಲಿನಿಟಿ ಟ್ಯಾಂಕಿನಷ್ಟೇ ಇರಲಿ. ಕೆಂಪು ಸಯನೋಬ್ಯಾಕ್ಟೀರಿಯಾ ಹಾಸು ಕಂಡರೆ ಅದೇ ಹೊತ್ತಿಗೆ ಪೈಪಿನಿಂದ ಎಳೆದು ತೆಗೆದು, ಆ ಮೂಲೆಗೆ ಹರಿವು ತಿರುಗಿಸಿ. ಐಪ್ಟೇಸಿಯಾ ಎಂಬ ಪಿಡುಗಿನ ಅನಿಮೊನಿ ಕಂಡರೆ ಕೆರೆದು ತೆಗೆಯಬೇಡಿ, ಉದುರಿದ ಪ್ರತಿ ಚೂರೂ ಹೊಸ ಗಿಡ್ಡ ಅನಿಮೊನಿಯಾಗುತ್ತದೆ. ಸುಣ್ಣದ ಗಟ್ಟಿ ಪೇಸ್ಟನ್ನು ಸಿರಿಂಜಿನಿಂದ ಅದರ ಬಾಯಿಗೆ ತುಂಬಿ, ಅಥವಾ ಪೆಪ್ಪರ್‌ಮಿಂಟ್ ಸಿಗಡಿ ಬಿಡಿ. ಎರಡು ಮೂರು ತಿಂಗಳಿಗೊಮ್ಮೆ ಪಂಪ್‌ಗಳನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ಅರ್ಧ ಗಂಟೆ ಓಡಿಸಿ ಸುಣ್ಣ ಬಿಡಿಸಿ.

ಕರೆಂಟ್ ಹೋದಾಗ

ಮೊದಲು ಕೊರತೆಯಾಗುವುದು ಆಮ್ಲಜನಕ, ಶಾಖವಲ್ಲ. ಇನ್ವರ್ಟರ್ ಇದ್ದರೆ ಅದಕ್ಕೆ ಒಂದು ವೇವ್‌ಮೇಕರ್ ಮಾತ್ರ ಜೋಡಿಸಿ, ಅದರ ಮುಖ ನೀರಿನ ಮೇಲ್ಮೈಯನ್ನು ಕದಡುವಂತಿರಲಿ. ಹೀಟರ್ ಜೋಡಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಒಂದನ್ನು ಸ್ಟ್ಯಾಂಡ್ ಒಳಗೇ ಇಟ್ಟುಕೊಳ್ಳಿ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ. ಬಂದ ಮೇಲೆ ಸ್ಕಿಮ್ಮರ್ ಸ್ವಲ್ಪ ಹೊತ್ತು ಉಕ್ಕುತ್ತದೆ, ಕಪ್ಪನ್ನು ಖಾಲಿ ಮಾಡಿ, ಸಂಪಿನ ಮಟ್ಟ ಟೇಪಿನ ಗೆರೆಗೆ ಬಂದಿದೆಯೇ ನೋಡಿದ ಮೇಲೆಯೇ ಟಾಪ್-ಅಪ್ ಚಾಲು ಮಾಡಿ.