ಕಾರಿನ ಬಂಪರ್‌ನ ಆಳವಾದ ಗೀರು: ಮನೆಯಲ್ಲೇ ಸರಿಪಡಿಸುವ ಬಗೆ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಂಬಕ್ಕೆ ಒಮ್ಮೆಯೂ ಉಜ್ಜಿಕೊಳ್ಳದ ಬಂಪರ್ ಬೆಂಗಳೂರಿನಲ್ಲಿ ಅಪರೂಪ. ಗೀರಿಗೆ ಅಡ್ಡವಾಗಿ ಉಗುರನ್ನು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶಿಂಗ್ ಕಾಂಪೌಂಡ್ ಸಾಕು. ಸಿಕ್ಕಿಕೊಂಡು, ಒಳಗಿನ ಪ್ಲಾಸ್ಟಿಕ್ ಕೂಡ ಕಾಣುತ್ತಿದ್ದರೆ ಮುಂದಿನ ಕೆಲಸವೆಲ್ಲ ಅಗತ್ಯ. ಟೂತ್‌ಪೇಸ್ಟ್ ಉಜ್ಜಿ ಆಳದ ಗೀರನ್ನು ಅಳಿಸಬಹುದೆಂಬ ಮಾತನ್ನು ನಂಬಬೇಡಿ. ಬಂಪರ್ ಸೀಳಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಬಳಿ ಹೋಗುವುದೇ ಸರಿ.

ಬಣ್ಣವನ್ನು ಕಣ್ಣಳತೆಯಲ್ಲಿ ಕೊಳ್ಳಬಾರದು. ಬಾಗಿಲಿನ ಕಂಬದ ಮೇಲೋ ಬಾನೆಟ್ ಅಡಿಯಲ್ಲೋ ಇರುವ ಚೀಟಿಯಲ್ಲಿನ ಬಣ್ಣದ ಕೋಡ್ ಬರೆದುಕೊಂಡು ಹೋದರೆ, ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಂಥ ಕಡೆ ಅದಕ್ಕೆ ಹೊಂದುವ ಬಣ್ಣವನ್ನು ಕೇಳಿ ಪಡೆಯಬಹುದು. ಗೀರು ತುಂಬುವ ಪುಟ್ಟಿ ಕೊಳ್ಳುವಾಗ ಬಂಪರ್‌ಗೆಂದೇ ತಯಾರಾದ, ಬಾಗುವ ಗುಣದ್ದನ್ನೇ ಕೇಳಿ. ತಗಡಿನ ಬಾಡಿಗೆ ಹಚ್ಚುವ ಅಗ್ಗದ ಪುಟ್ಟಿ, ಬಂಪರ್ ಸ್ವಲ್ಪ ಬಾಗಿದರೂ ಬಿರುಕು ಬಿಡುತ್ತದೆ.

ಶಾಂಪೂ ಹಾಕಿ ತೊಳೆದು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸುತ್ತ ಮಾಸ್ಕಿಂಗ್ ಟೇಪ್ ಮತ್ತು ಪತ್ರಿಕೆ ಅಂಟಿಸಿ.

ಹೆಚ್ಚಿನವರು ಕೆಡಿಸುವುದು ಇದರ ನಂತರದ ಹಂತದಲ್ಲಿ. ಗೀರು ಕಂಡ ಕೂಡಲೇ ಅದರೊಳಗೆ ಪುಟ್ಟಿ ತುಂಬಿ ಬಣ್ಣ ಊದುತ್ತಾರೆ. ಬಿಸಿಲಿಗೆ ಹಿಡಿದಾಗ ಹಳೆಯ ಬಣ್ಣದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಗೀರಿನ ಎರಡೂ ಬದಿಗೆ ಕನಿಷ್ಠ ಒಂದು ಅಂಗುಲದಷ್ಟು ಅಗಲಕ್ಕೆ 180ರ, ಬಳಿಕ 320ರ ಎಮರಿ ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಬೇಕು. ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಲೇಪ), ಬಣ್ಣ, ಪ್ರೈಮರ್, ಪ್ಲಾಸ್ಟಿಕ್ ಎಂಬ ಪದರಗಳು ಒಂದರೊಳಗೊಂದು ಉಂಗುರಗಳಂತೆ ಕಾಣಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಎಲ್ಲಿಯೂ ಮೆಟ್ಟಿಲು ತಾಗಬಾರದು. ಕಾಗದವನ್ನು ರಬ್ಬರ್ ಬ್ಲಾಕಿಗೆ ಸುತ್ತಿಕೊಳ್ಳಿ, ಬರಿ ಬೆರಳಿನಲ್ಲಿ ಒತ್ತಿದರೆ ತಗ್ಗು ಬೀಳುತ್ತದೆ. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನದಾದ್ದರಿಂದ ಉಜ್ಜಿದಲ್ಲಿ ನಾರಿನಂಥ ಎಳೆಗಳು ಏಳುತ್ತವೆ. ಅವುಗಳನ್ನು ಹೊಸ ಬ್ಲೇಡಿನಿಂದ ಕತ್ತರಿಸಿ. ಇದೇ ಪ್ಲಾಸ್ಟಿಕ್ಕಿಗೆ ಬಣ್ಣವಾಗಲಿ ಪುಟ್ಟಿಯಾಗಲಿ ತಾನಾಗಿ ಅಂಟುವುದಿಲ್ಲ. ಆದ್ದರಿಂದ ಬರಿದಾದ ಜಾಗಕ್ಕೆ ಪ್ಲಾಸ್ಟಿಕ್ ಪ್ರೈಮರ್ ಅಥವಾ ಅಡ್ಹೀಶನ್ ಪ್ರಮೋಟರ್ ಹಚ್ಚದೆ ಮುಂದುವರಿಯಬೇಡಿ. ಅದನ್ನು ಬಿಟ್ಟವರ ಬಣ್ಣ ಪ್ರೆಶರ್ ವಾಷಿಂಗ್‌ನಲ್ಲಿ ಸಿಪ್ಪೆಯಂತೆ ಏಳುತ್ತದೆ.

ಪುಟ್ಟಿಗೆ ಡಬ್ಬಿಯಲ್ಲಿ ಹೇಳಿದಷ್ಟೇ ಹಾರ್ಡನರ್ ಬೆರೆಸಿ ತೆಳುವಾದ ಎರಡು ಪದರ ಬಳಿಯಿರಿ. ಗಟ್ಟಿಯಾದ ಮೇಲೆ ನೀರಿಲ್ಲದೆ ಉಜ್ಜಬೇಕು. ಪಾಲಿಯೆಸ್ಟರ್ ಪುಟ್ಟಿ ನೀರು ಹೀರಿಕೊಂಡರೆ ಮುಂದೆ ಬಣ್ಣದಡಿ ಗುಳ್ಳೆಗಳೇಳುತ್ತವೆ. ಆಮೇಲೆ ಪ್ರೈಮರ್ ಎರಡು ಕೋಟು, 600ರ ಕಾಗದದಿಂದ ನಯಗೊಳಿಸುವುದು.

ಬಣ್ಣವನ್ನು 20–25 ಸೆಂಟಿಮೀಟರ್ ದೂರದಿಂದ, ಸ್ಪ್ರೇಯನ್ನು ಗೀರಿನಾಚೆ ಆರಂಭಿಸಿ ಆಚೆಯೇ ನಿಲ್ಲಿಸುತ್ತ, ಮೂರು ನಾಲ್ಕು ತೆಳು ಕೋಟುಗಳಲ್ಲಿ ಹಾಕಿ. ನಡುವಿನ ವಿರಾಮವನ್ನು ಡಬ್ಬಿಯ ಸೂಚನೆಯಂತೆ ಕೊಡಿ, ಅವಸರಕ್ಕೆ ಹೇರ್ ಡ್ರೈಯರ್ ಬಳಸಬೇಡಿ. ಬಣ್ಣದ ಮೇಲೆ ಕೊನೆಗೆ ಕ್ಲಿಯರ್ ಊದಿ. ಮೇ ತಿಂಗಳ ಸಂಜೆಯ ಮಳೆಯನ್ನು ಲೆಕ್ಕ ಹಾಕಿ ಬೆಳಿಗ್ಗೆಯೇ ಕೆಲಸ ಮುಗಿಸುವುದು ಒಳ್ಳೆಯದು. ಗಾಳಿಯಲ್ಲಿ ತೇವವಿದ್ದರೆ ಕ್ಲಿಯರ್ ಮಂಜುಗಟ್ಟಿದಂತಾಗುತ್ತದೆ. ಹಾರ್ಡನರ್ ಸೇರಿಸುವ 2ಕೆ ಕ್ಲಿಯರ್ ಗಟ್ಟಿಮುಟ್ಟಾದರೂ ಅದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುವುದರಿಂದ, ತಕ್ಕ ರೆಸ್ಪಿರೇಟರ್ ಇಲ್ಲದವರು, ಅದರಲ್ಲೂ ಗಾಳಿಯಾಡದ ನೆಲಮಾಳಿಗೆಯಲ್ಲಿ, ಅದನ್ನು ಮುಟ್ಟಲೇಬಾರದು.

ಎರಡು ದಿನ ಬಿಟ್ಟು, 2000ರ ಕಾಗದವನ್ನು ನೀರಲ್ಲಿ ನೆನೆಸಿ ಹಗುರವಾಗಿ ಉಜ್ಜಿ, ಕಾಂಪೌಂಡ್ ಹಚ್ಚಿ ಹೊಳಪು ಕೊಡಿ. ಮೊದಲ ಒಂದು ತಿಂಗಳು ವ್ಯಾಕ್ಸ್ ಬೇಡ.