ಕಾಲಿನ ಸ್ನಾಯುರಜ್ಜು ಹರಿದ ಕುದುರೆಯ ಆರೈಕೆ

ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಕ್ಕೆ ಮಾಂಸಖಂಡವೆಂಬುದೇ ಇಲ್ಲ. ಅಲ್ಲಿರುವುದು ಎಲುಬು, ಚರ್ಮ ಮತ್ತು ಹಿಂಬದಿಯಲ್ಲಿ ಬಿಗಿದ ಹಗ್ಗದಂತೆ ಗೊರಸಿನ ಕಡೆಗೆ ಇಳಿಯುವ ಸ್ನಾಯುರಜ್ಜುಗಳು. ಓಟದ ಕುದುರೆಗಳಲ್ಲಿ ಇವುಗಳ ಪೈಕಿ ಚರ್ಮಕ್ಕೆ ತೀರ ಹತ್ತಿರವಿರುವ ರಜ್ಜುವೇ ಹೆಚ್ಚಾಗಿ ಹರಿಯುತ್ತದೆ, ಹರಿದಾಗ ಕಾಲಿನ ಹಿಂಭಾಗ ಊದಿಕೊಂಡು ಬಿಲ್ಲಿನಂತೆ ಹೊರಬಾಗುತ್ತದೆ. ರಕ್ತಸಂಚಾರ ಕಡಿಮೆಯಿರುವ ಭಾಗವಾದ್ದರಿಂದ ಅದು ಮಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ರೇಸಿನಿಂದ ನಿವೃತ್ತವಾದ ಕುದುರೆಯನ್ನು ಸವಾರಿ ಶಾಲೆಗೋ ತೋಟದ ಮನೆಗೋ ತರುವವರು ಇಂಥ ಕಾಲನ್ನು ಒಂದಲ್ಲ ಒಂದು ದಿನ ನೋಡಬೇಕಾಗಬಹುದು. ಅವರಿಗೆ ನಾನು ಮೊದಲು ಹೇಳುವ ಮಾತು ಇಷ್ಟೇ: ಕುಂಟು ನಿಂತ ದಿನ ಕಾಲು ವಾಸಿಯಾದ ದಿನವಲ್ಲ.

ಪೆಟ್ಟಾದ ಮೊದಲ ದಿನಗಳಲ್ಲಿ ಮಾಡಬೇಕಾದ್ದು ಕಾಲನ್ನು ತಣಿಸುವುದು, ಆಧಾರ ಕೊಡುವುದು ಮತ್ತು ಕುದುರೆಯನ್ನು ಅಲುಗಾಡದಂತೆ ಇರಿಸುವುದು. ಪಶುವೈದ್ಯರು ಬರುವ ಮೊದಲೇ ತಣ್ಣೀರಿನ ಪೈಪನ್ನು ಹದಿನೈದರಿಂದ ಇಪ್ಪತ್ತು ನಿಮಿಷ ಕಾಲಿನ ಮೇಲೆ ಹರಿಯಬಿಡಬಹುದು, ಮತ್ತು ಇದನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಚರ್ಮ ಒಡೆದು ಗಾಯವಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ವೈದ್ಯರಿಗೆ ತಪ್ಪದೆ ನೆನಪಿಸಬೇಕು, ಏಕೆಂದರೆ ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ. ರಜ್ಜು ಎಷ್ಟು ಹರಿದಿದೆ ಎಂಬುದು ಅಲ್ಟ್ರಾಸೌಂಡಿನಲ್ಲಿ ಮಾತ್ರ ತಿಳಿಯುತ್ತದೆ. ಆದರೆ ಮೊದಲ ದಿನಗಳಲ್ಲಿ ಹಾನಿ ಇನ್ನೂ ಹರಡುತ್ತಿರುವುದರಿಂದ, ಸುಮಾರು ಒಂದು ವಾರದ ನಂತರ ತೆಗೆದ ಚಿತ್ರವೇ ಹೆಚ್ಚು ನಂಬಿಕೆಗೆ ಅರ್ಹ. ಊದಿದ ಕಾಲಿಗೆ ಬರೆ ಹಾಕಿಸುವ ಹಳೆಯ ಪದ್ಧತಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಅದರಿಂದ ರಜ್ಜು ಬೇಗ ಕೂಡುವುದಿಲ್ಲ, ಪ್ರಾಣಿಗೆ ನೋವು ಮಾತ್ರ ಹೆಚ್ಚುತ್ತದೆ.

ನೋವು ನಿವಾರಕಗಳ ಬಗ್ಗೆಯೂ ಎಚ್ಚರ ಬೇಕು. ಫಿನೈಲ್‌ಬ್ಯುಟಜೋನ್ ಕುದುರೆಗಳಿಗೆ ಸಾಮಾನ್ಯವಾಗಿ ಕೊಡುವ ಔಷಧ, ಆದರೆ ಪ್ರಮಾಣ ಮೀರಿದರೆ ಅದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ ಮತ್ತು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದರ ಜೊತೆಗೆ ಅದೇ ಜಾತಿಯ ಇನ್ನೊಂದು ಮದ್ದನ್ನು ಸೇರಿಸುವುದು ಇನ್ನೂ ಅಪಾಯಕರ. ಔಷಧದ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚುವುದಂತೂ ಸಲ್ಲದು. ಆ ಔಷಧ ಉಳಿದಿರುವ ಕಳೇಬರವನ್ನು ತಿಂದ ರಣಹದ್ದುಗಳು ಸಾಯುತ್ತವೆ ಎಂಬ ಕಾರಣಕ್ಕೆ 2006ರಿಂದ ನಮ್ಮ ದೇಶದಲ್ಲಿ ಅದರ ಪಶುಬಳಕೆಗೆ ನಿಷೇಧವಿದೆ.

ಬ್ಯಾಂಡೇಜು ಕಟ್ಟುವುದನ್ನು ಕೈಯಾರೆ ಕಲಿಯಿರಿ. ಮೊಣಕಾಲಿನ ಕೆಳಗಿನಿಂದ ಗೊರಸಿನ ಮೇಲಿನ ಕೀಲಿನವರೆಗೆ ದಪ್ಪನೆಯ ಹತ್ತಿಯ ಪದರವನ್ನು ಸುಕ್ಕಿಲ್ಲದಂತೆ ಸುತ್ತಿ, ಅದರ ಮೇಲೆ ಪಟ್ಟಿಯನ್ನು ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಒಂದೇ ಬಿಗಿಯಲ್ಲಿ ಸುತ್ತಬೇಕು. ಎಳೆತವೇನಿದ್ದರೂ ಮುಂಭಾಗದ ಎಲುಬಿನ ಮೇಲೆ ಬೀಳಬೇಕೇ ಹೊರತು ಹಿಂದಿನ ರಜ್ಜುವಿನ ಮೇಲೆ ಬೀಳಬಾರದು. ಹತ್ತಿಯಿಲ್ಲದೆ ಬಿಗಿಯಾಗಿ ಕಟ್ಟಿದ ಪಟ್ಟಿ ಗಟ್ಟಿಮುಟ್ಟಾದ ರಜ್ಜುವನ್ನೂ ಕೆಡಿಸುತ್ತದೆ. ಪಟ್ಟಿಯನ್ನು ದಿನವೂ ಬಿಚ್ಚಿ, ಕಾಲನ್ನು ಅಂಗೈಯಿಂದ ಸವರಿ ನೋಡಿ ಮತ್ತೆ ಕಟ್ಟಬೇಕು.

ಹೀಗೆ ಕಟ್ಟುವಾಗ ನೋವಿಲ್ಲದ ಇನ್ನೊಂದು ಕಾಲಿಗೂ ಅದೇ ರೀತಿ ಕಟ್ಟಬೇಕು. ಕುದುರೆ ತನ್ನ ಮೈಭಾರದ ಸುಮಾರು ಶೇಕಡ 60 ಭಾಗವನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಒಂದನ್ನು ಊರಲಾಗದಿದ್ದರೆ ಆ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ. ಒಂದೇ ಸಮನೆ ಭಾರ ಹೊತ್ತ ಗೊರಸಿನೊಳಗೆ ರಕ್ತ ಸರಿಯಾಗಿ ಹರಿಯದೆ, ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಟ್ಟ ಪದರಗಳು ಸಡಿಲವಾಗುತ್ತವೆ. ಲ್ಯಾಮಿನೈಟಿಸ್ ಎಂದು ಕರೆಯುವುದು ಇದನ್ನೇ. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ರೇಸನ್ನು ಗೆದ್ದ ಬಾರ್ಬರೊ ಎಂಬ ಕುದುರೆ ಎರಡು ವಾರಗಳ ನಂತರದ ಪ್ರೀಕ್ನೆಸ್ ಓಟದಲ್ಲಿ ಬಲಗಡೆಯ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆ ನಡೆದು ತಿಂಗಳುಗಟ್ಟಲೆ ಬದುಕಿದರೂ, ಉಳಿದ ಗೊರಸುಗಳಿಗೆ ತಗುಲಿದ ಲ್ಯಾಮಿನೈಟಿಸ್‌ನಿಂದಾಗಿ 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಡಬೇಕಾಯಿತು. ಆದ್ದರಿಂದ ಲಾಯಕ್ಕೆ ಹೋದಾಗಲೆಲ್ಲ ಒಳ್ಳೆಯ ಕಾಲನ್ನೇ ಮೊದಲು ಮುಟ್ಟಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಗೊರಸಿನ ಮೇಲಿನ ಕೀಲಿನ ಹಿಂಬದಿಯಲ್ಲಿ, ಎರಡೂ ಪಕ್ಕದ ಉಬ್ಬಿನ ಮೇಲೆ ಬೆರಳನ್ನು ಹಗುರವಾಗಿ ಇಟ್ಟರೆ ಚರ್ಮದಡಿ ತೆಳ್ಳಗಿನ ದಾರದಂಥ ರಕ್ತನಾಳ ಜಾರುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಅದರ ಮಿಡಿತ ಹುಡುಕಿದರೂ ಸಿಗದಷ್ಟು ಮೆಲುವಾಗಿರುತ್ತದೆ. ಬೆರಳಿಟ್ಟ ತಕ್ಷಣ ಅದು ಕುಟ್ಟಿದಂತೆ ಬಡಿದರೆ, ಗೊರಸು ಬಿಸಿಯಾಗಿದ್ದರೆ, ಕುದುರೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪದೇ ಪದೇ ಬದಲಿಸುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರನ್ನು ಕರೆಯಬೇಕು. ಲಾಯದಲ್ಲಿ ಮರದ ಹೊಟ್ಟನ್ನೋ ಭತ್ತದ ಹುಲ್ಲನ್ನೋ ದಪ್ಪವಾಗಿ ಹಾಸಿದರೆ ಕುದುರೆ ಮಲಗುತ್ತದೆ, ಅದು ಮಲಗಿದಷ್ಟು ಹೊತ್ತು ನಾಲ್ಕೂ ಗೊರಸುಗಳಿಗೆ ಬಿಡುವು ಸಿಗುತ್ತದೆ.

ಕಟ್ಟಿಹಾಕಿದ ಕುದುರೆಗೆ ದುಡಿಯುವ ಕುದುರೆಯ ಮೇವು ಹಾಕಬಾರದು. ಬೇಯಿಸಿದ ಹುರುಳಿ, ಓಟ್ಸ್, ಬಾರ್ಲಿಗಳನ್ನು ಬಹುಮಟ್ಟಿಗೆ ಇಳಿಸಿ, 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಹುಲ್ಲನ್ನು ನಾಲ್ಕೈದು ಪಾಲು ಮಾಡಿ ಕೊಡುವುದು ಒಳ್ಳೆಯದು. ಕುದುರೆಮಸಾಲೆ ಸೊಪ್ಪನ್ನು ರುಚಿಗೆ ಒಂದು ಹಿಡಿಯಷ್ಟು ಸೇರಿಸಬಹುದು. ಓಡಾಟವಿಲ್ಲದ ಕರುಳು ಮಂದವಾಗುವುದರಿಂದ ಹೊಟ್ಟೆ ಕಟ್ಟಿಕೊಳ್ಳುವ ಭಯ ಸದಾ ಇರುತ್ತದೆ. ದಿನಕ್ಕೆ ಎಷ್ಟು ಸಲ ಲದ್ದಿ ಹಾಕಿತು, ಅದು ಒಣಗಿದೆಯೇ, ಬಕೆಟ್ಟಿನಲ್ಲಿ ಎಷ್ಟು ನೀರು ಉಳಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರೊಳಗೆ ಇರುತ್ತದೆ. ಅದು ಏರುತ್ತಲೇ ಇದ್ದರೆ ಎಲ್ಲೋ ನೋವಿದೆ ಎಂದೇ ತಿಳಿಯಬೇಕು. ಕುದುರೆ ಹಿಂಡಿನ ಪ್ರಾಣಿಯಾದ್ದರಿಂದ ಇನ್ನೊಂದು ಕುದುರೆಯೋ ಕಡೆಗೆ ಒಂದು ಮೇಕೆಯೋ ಕಣ್ಣಿಗೆ ಕಾಣುವಂತಿರಲಿ.

ನಡಿಗೆಯನ್ನು ವೈದ್ಯರು ಒಪ್ಪಿದ ಮೇಲೆಯೇ ಆರಂಭಿಸಬೇಕು. ಸಾಮಾನ್ಯವಾಗಿ ಮೊದಲು ಐದೈದು ನಿಮಿಷ, ದಿನಕ್ಕೆರಡು ಸಲ, ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನೇರವಾಗಿ ಕೈಯಲ್ಲಿ ಹಿಡಿದು ನಡೆಸುತ್ತಾರೆ. ಒಂದೆರಡು ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಅಲ್ಟ್ರಾಸೌಂಡ್ ನೋಡಿ ಮುಂದಿನ ಹೆಜ್ಜೆ ನಿರ್ಧರಿಸುತ್ತಾರೆ. ಹೊಸದಾಗಿ ಕೂಡಿದ ನಾರುಗಳು ಮೊದಲು ಅಡ್ಡಾದಿಡ್ಡಿಯಾಗಿರುತ್ತವೆ, ಈ ಅಳತೆಯ ನಡಿಗೆಯೇ ಅವುಗಳನ್ನು ಎಳೆತದ ದಿಕ್ಕಿಗೆ ಸಾಲುಗೂಡಿಸುತ್ತದೆ. ನಾನು ಆರೈಕೆ ಮಾಡಿದ ಕುದುರೆ ಐದನೆಯ ತಿಂಗಳಿನಲ್ಲಿ ಸ್ವಲ್ಪವೂ ಕುಂಟುತ್ತಿರಲಿಲ್ಲ. ಹಗ್ಗ ಬಿಚ್ಚಿ ಬೇಲಿಯೊಳಗೆ ಬಿಟ್ಟೆ. ಅದು ಕೆನೆದು, ಹಿಂಗಾಲು ಝಾಡಿಸಿ, ಬೇಲಿಯ ತುದಿಯವರೆಗೆ ಓಡಿ ತಿರುಗಿತು. ಸಂಜೆ ಪಟ್ಟಿ ಬಿಚ್ಚಿದಾಗ ಅದೇ ಜಾಗ ಮತ್ತೆ ಬಿಸಿಯಾಗಿ ಊದಿತ್ತು. ಆ ಒಂದು ನಿಮಿಷಕ್ಕೆ ಮೂರು ತಿಂಗಳು ತೆರಬೇಕಾಯಿತು, ಆ ತಪ್ಪು ನನ್ನದೇ. ಉತ್ಸಾಹದಿಂದ ಪುಟಿಯುವ ಕುದುರೆಯಾದರೆ ನಡಿಗೆಗೆ ಮೊದಲು ಮಂಪರಿನ ಔಷಧ ಕೊಡಿಸುವ ವಿಚಾರವಾಗಿ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಜೀನು ಹಾಕಿ ಸವಾರಿಗೆ ಮರಳಿದ ಮೇಲೂ ಬೆಳಗ್ಗೆ ಹುಲ್ಲು ಹಾಕುವ ಮೊದಲು ಎರಡೂ ಮುಂಗಾಲುಗಳನ್ನು ಮೊಣಕಾಲಿನಿಂದ ಕೆಳಕ್ಕೆ ಅಂಗೈಯಿಂದ ಸವರಿ ಹೋಲಿಸಿ ನೋಡಬೇಕು. ಒಂದು ಇನ್ನೊಂದಕ್ಕಿಂತ ತುಸು ಬೆಚ್ಚಗಿದ್ದರೂ ಆ ದಿನ ಸವಾರಿ ಬೇಡ.