ಎಲೆಕ್ಟ್ರಿಕ್ ಗಿಟಾರಿನ ತೂಕ: ಅಳೆಯುವುದು, ಸಮತೋಲ ನೋಡುವುದು, ಹೆಗಲು ಉಳಿಸಿಕೊಳ್ಳುವುದು

ಗಿಟಾರ್ ಕೊಳ್ಳುವವರು ಕೆಜಿ ಎಷ್ಟು ಎಂದು ಮೊದಲು ಕೇಳುತ್ತಾರೆ. ಕೇಳಬೇಕಾದ್ದೇ, ಆದರೆ ಮೊದಲ ಪ್ರಶ್ನೆಯಾಗಿ ಅಲ್ಲ. ತೂಕ ಗಿಟಾರಿನ ಯಾವ ತುದಿಯಲ್ಲಿದೆ, ಎಂಥ ಸ್ಟ್ರ್ಯಾಪ್‌ನಲ್ಲಿ ತೂಗುತ್ತಿದೆ, ಎಷ್ಟು ಹೊತ್ತು ನಿಂತು ನುಡಿಸುತ್ತೀರಿ ಎಂಬುದು ಗೊತ್ತಾದ ಮೇಲೆ ಕೆಜಿಯ ಮಾತು. ಮನೆಯಲ್ಲಿ ಕೂತು ಅರ್ಧ ಗಂಟೆ ಅಭ್ಯಾಸ ಮಾಡುವವರಿಗೆ 4 ಕೆಜಿಯೂ ಒಂದೇ, 3 ಕೆಜಿಯೂ ಒಂದೇ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಮೂರು ತಾಸು ನಿಲ್ಲುವವರಿಗೆ ಅರ್ಧ ಕೆಜಿ ವ್ಯತ್ಯಾಸವೂ ಕೊನೆಕೊನೆಗೆ ಚೆನ್ನಾಗಿಯೇ ತಿಳಿಯುತ್ತದೆ.

ಅಳೆಯಲು ಮನೆಯ ನಿಲ್ಲುವ ಸ್ಕೇಲ್ ನಂಬಬೇಡಿ. ಗಿಟಾರ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆದರೆ 200 ಗ್ರಾಂ ಆಚೀಚೆ ಬರುವುದು ಮಾಮೂಲು. ವಿಮಾನ ಪ್ರಯಾಣಕ್ಕೆ ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ಸ್ಕೇಲ್ ಸಾಕು. ಗಿಟಾರಿಗೆ ಸ್ಟ್ರ್ಯಾಪ್ ಹಾಕಿ, ಸ್ಟ್ರ್ಯಾಪಿನ ನಡುವನ್ನು ಕೊಕ್ಕೆಗೆ ಸಿಕ್ಕಿಸಿ, ಮಂಚದ ಮೇಲೆ ಒಂದು ಗೇಣು ಎತ್ತಿ ನೋಡಿ. ಸ್ಟ್ರ್ಯಾಪಿನ ತೂಕ ಬೇರೆಯಾಗಿ ಅಳೆದು ಕಳೆಯಿರಿ. ಹೊರದೇಶದ ಜಾಹೀರಾತುಗಳಲ್ಲಿ ಪೌಂಡ್ ಲೆಕ್ಕ ಇರುತ್ತದೆ, ಅಲ್ಲೊಂದು ಗುಂಡಿ ಇದೆ: 8 ಪೌಂಡ್ 6 ಔನ್ಸ್ ಎಂದರೆ 3.80 ಕೆಜಿ, 8.6 ಪೌಂಡ್ ಎಂದರೆ 3.90 ಕೆಜಿ. ಎರಡನ್ನೂ ಒಂದೇ ಎಂದು ಓದುವವರು ಬಹಳ.

ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್‌ಗಳು ಸಾಮಾನ್ಯವಾಗಿ 3.2ರಿಂದ 3.8 ಕೆಜಿ. ಗಿಬ್ಸನ್ ಎಸ್‌ಜಿ 3 ಕೆಜಿಯ ಆಸುಪಾಸು. ಲೆಸ್ ಪಾಲ್ 4 ಕೆಜಿ ದಾಟುವುದು ಸಹಜ, 1970ರ ದಶಕದ ಕೆಲವು 5 ಕೆಜಿಯ ಹತ್ತಿರ ಹೋಗುತ್ತವೆ. ದಪ್ಪ ಮಹಾಗನಿಯ ಮೇಲೆ ಮೇಪಲ್ ಹಲಗೆ ಕೂರಿಸಿದ ಬಾಡಿ, ಭಾರ ಬರದೆ ಏನಾಗುತ್ತದೆ. ಅದಕ್ಕೇ 1980ರ ದಶಕದಿಂದ ಗಿಬ್ಸನ್ ಹಲವು ಮಾಡೆಲ್‌ಗಳ ಬಾಡಿಯೊಳಗೆ ತೂತು ಕೊರೆದು ತೂಕ ಇಳಿಸತೊಡಗಿತು. ಒಂದೇ ಮಾಡೆಲಿನ ಎರಡು ಗಿಟಾರುಗಳ ನಡುವೆಯೂ ಅರ್ಧ ಕೆಜಿ ಅಂತರ ಇರಬಹುದು, ಏಕೆಂದರೆ ಮರ ಮರಕ್ಕೂ ಸಾಂದ್ರತೆ ಬೇರೆ. ಹಾಗಾಗಿ ಕ್ಯಾಟಲಾಗ್ ನೋಡಿ ತೀರ್ಮಾನಿಸಬೇಡಿ, ಕೊಳ್ಳುವ ಪೀಸನ್ನೇ ತೂಗಿಸಿ.

‘ಭಾರ ಇದ್ದರೆ ಸಸ್ಟೇನ್ ಜಾಸ್ತಿ’, ಅಂದರೆ ಮೀಟಿದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಎಂಬ ಮಾತನ್ನು ಅಂಗಡಿಯಲ್ಲಿ ಕೇಳುತ್ತೀರಿ. ತೂಕ ನೋಡಿ ನಾದ ಹೇಳಲಾಗದು. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಆಂಪ್, ತಂತಿಯ ಸ್ಥಿತಿ ಇವು ಕಿವಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತವೆ.

ನಿಜವಾದ ಕಾಟ ಹಗುರ ಬಾಡಿಯ ಗಿಟಾರುಗಳಲ್ಲೇ ಹೆಚ್ಚು. ಕೈ ಬಿಟ್ಟ ಕೂಡಲೇ ನೆಕ್, ಅಂದರೆ ಗಿಟಾರಿನ ಉದ್ದ ಹಿಡಿ, ಕೆಳಕ್ಕೆ ಬೀಳುತ್ತದೆ. ಎಡಗೈ ಸ್ವರ ಹಿಡಿಯುವುದರ ಜತೆಗೆ ನೆಕ್ಕನ್ನೂ ಎತ್ತಿ ಹಿಡಿಯಬೇಕಾಗುತ್ತದೆ. ಹೆಬ್ಬೆರಳು ಬಿಗಿದು ಮಣಿಕಟ್ಟು ನೋಯತೊಡಗುತ್ತದೆ, ಆಗ ‘ಗಿಟಾರ್ ಭಾರ’ ಎಂದು ಅನಿಸುತ್ತದೆ. ಸ್ಟ್ರ್ಯಾಟೊಕ್ಯಾಸ್ಟರಿನಲ್ಲಿ ಮೇಲಿನ ಹಾರ್ನಿನ (ಬಾಡಿಯಿಂದ ಕೊಂಬಿನಂತೆ ಚಾಚಿದ ಭಾಗ) ತುದಿಯ ಬಟನ್, ಅಂದರೆ ಸ್ಟ್ರ್ಯಾಪ್ ಸಿಕ್ಕಿಸುವ ಗುಂಡಿ, ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ 12ನೇ ಫ್ರೆಟ್‌ನ ಹತ್ತಿರ ಬರುತ್ತದೆ, ಆದ್ದರಿಂದ ಅದು ನೆಟ್ಟಗೆ ನಿಲ್ಲುತ್ತದೆ. ಎಸ್‌ಜಿಯಲ್ಲಿ ಬಟನ್ ಇರುವುದು ನೆಕ್ ಬಾಡಿಗೆ ಸೇರುವ ಜಾಗದ ಹಿಂದೆ. ಅಲ್ಲಿಂದ ಟ್ಯೂನರ್‌ಗಳಿಗೆ (ತಂತಿ ಬಿಗಿಯುವ ತಿರುಪುಗಳು) ಸುಮಾರು ಅರ್ಧ ಮೀಟರ್ ದೂರ, ಇತ್ತ ಬಾಡಿಯೂ ತೆಳು, ಹಾಗಾಗಿ ನೆಕ್ ಬೀಳುತ್ತದೆ.

ಪರೀಕ್ಷೆ ಸುಲಭ. ನಿಮ್ಮದೇ ಸ್ಟ್ರ್ಯಾಪ್ ಅಂಗಡಿಗೆ ಒಯ್ಯಿರಿ, ಸ್ಟೂಲ್ ಕೊಟ್ಟರೂ ಕೂರಬೇಡಿ. ಗಿಟಾರ್ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ನೆಕ್ ಅಡ್ಡಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲಕ್ಕೆ ನಿಂತರೆ ಸರಿ. ಸರಸರನೆ ನೆಲದ ಕಡೆ ಜಾರಿದರೆ ತೂಕ ಎಷ್ಟೇ ಕಡಿಮೆ ಇದ್ದರೂ ಯೋಚಿಸಿ. ಆಮೇಲೆ ಇಪ್ಪತ್ತು ನಿಮಿಷ ನಿಂತು ನುಡಿಸಿ. ಮೊದಲ ಐದು ನಿಮಿಷಕ್ಕೆ ಯಾವ ಗಿಟಾರೂ ಭಾರ ಅನಿಸುವುದಿಲ್ಲ.

ಈಗಾಗಲೇ ಕೊಂಡಾಗಿದ್ದರೆ ಸ್ಟ್ರ್ಯಾಪಿನಿಂದ ಶುರುಮಾಡಿ. 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ತೆಗೆದು, ಒಳಮೈ ಒರಟಾದ ಸ್ವೇಡ್ ಚರ್ಮದ, 7.5ರಿಂದ 9 ಸೆಂ.ಮೀ. ಅಗಲದ್ದು ಹಾಕಿ. ಅಗಲವಿದ್ದಷ್ಟೂ ಒತ್ತಡ ಹರಡುತ್ತದೆ, ಒರಟು ಚರ್ಮ ಅಂಗಿಯ ಮೇಲೆ ಜಾರದೆ ನೆಕ್ ಬೀಳುವುದನ್ನೂ ತಡೆಯುತ್ತದೆ. ರೇಷ್ಮೆ ಜುಬ್ಬಾದ ಮೇಲೆ ಮಾತ್ರ ಆ ಹಿಡಿತ ಸಿಗದು. ಹಿಗ್ಗುವ ನಿಯೊಪ್ರೀನ್ ಪಟ್ಟಿ ಮೊದಲು ಮೆತ್ತಗೆ ಅನಿಸುತ್ತದೆ, ಭಾರದ ಗಿಟಾರಿನಲ್ಲಿ ಪ್ರತಿ ಹೆಜ್ಜೆಗೂ ಎಗರುತ್ತದೆ. ಪಟ್ಟಿ ಕತ್ತಿನ ಬುಡಕ್ಕೆ ಒತ್ತದೆ ಹೆಗಲಿನ ನಡುವೆ ಕೂರಲಿ. ಉದ್ದವನ್ನು ಕೂತಾಗ ಸರಿಮಾಡಿ, ಎದ್ದು ನಿಂತರೂ ಗಿಟಾರ್ ಅದೇ ಎತ್ತರದಲ್ಲಿರಬೇಕು.

ಅದಕ್ಕೂ ಬಗ್ಗದಿದ್ದರೆ ಹೆಡ್‌ಸ್ಟಾಕ್, ಅಂದರೆ ಟ್ಯೂನರ್‌ಗಳಿರುವ ನೆಕ್ಕಿನ ತುದಿ, ಹಗುರ ಮಾಡಿ. ತಂತಿಯನ್ನು ಕಚ್ಚಿ ಹಿಡಿಯುವ ಭಾರದ ಲಾಕಿಂಗ್ ಟ್ಯೂನರ್ ಬದಲು ಹಗುರ ಟ್ಯೂನರ್ ಹಾಕಿದರೆ ಉಳಿಯುವುದು ಕೆಲವು ಹತ್ತು ಗ್ರಾಂ ಅಷ್ಟೇ, ಆದರೆ ತಕ್ಕಡಿಯ ತುದಿಯಲ್ಲಿರುವ ಗ್ರಾಂಗಳವು. ಕೊಳ್ಳುವ ಮೊದಲು ತೂತಿನ ಅಳತೆಯನ್ನೂ ಸ್ಕ್ರೂ ಇರುವ ಜಾಗವನ್ನೂ ಹೊಂದಿಸಿ ನೋಡಿ. ಬಾಡಿಯ ಮೇಲೆ ಬ್ರಿಡ್ಜ್ ಕಡೆ ಅಲ್ಯೂಮಿನಿಯಂ ಟೇಲ್‌ಪೀಸ್ (ತಂತಿಗಳ ಕೊನೆ ಸಿಕ್ಕಿಸುವ ಭಾಗ) ಹಾಕುವುದು ತದ್ವಿರುದ್ಧ ಕೆಲಸ: ಒಟ್ಟು ತೂಕ ಇಳಿಯುತ್ತದೆ, ನೆಕ್ ಇನ್ನೂ ಬೀಳುತ್ತದೆ.

ಕೊನೆಯ ದಾರಿ ಬಟನ್ ಜಾಗ ಬದಲಿಸುವುದು. ಎಸ್‌ಜಿಯಲ್ಲಾದರೆ ಮೇಲಿನ ಹಾರ್ನಿನ ಹಿಂಭಾಗಕ್ಕೆ. ತೀರಾ ತುದಿ ಬೇಡ, ಅಂಚು ಇಳಿಜಾರಾಗಿ ಮರ ತೆಳುವಾಗಿರುತ್ತದೆ, ಸೀಳು ಬಿಡುತ್ತದೆ. ಅಲ್ಲಿನ ದಪ್ಪ ಅಳೆಯಿರಿ, ಸ್ಕ್ರೂ ಅದಕ್ಕಿಂತ ಕನಿಷ್ಠ 8 ಮಿ.ಮೀ. ಗಿಡ್ಡ ಇರಲಿ. ಡ್ರಿಲ್ ಬಿಟ್ಟನ್ನು ಸ್ಕ್ರೂ ಮುಂದೆ ಹಿಡಿದು ನೋಡಿ: ನಡುವಿನ ದಂಡ ಮರೆಯಾಗಿ ಎರಡೂ ಬದಿಯ ಎಳೆ ಕಾಣಬೇಕು. 3.5 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ಬಿಟ್ ಸಾಕಾಗುತ್ತದೆ. ಬಿಟ್ಟಿಗೆ ಆಳದ ಗುರುತಾಗಿ ಟೇಪ್ ಸುತ್ತಿ, ಸ್ಕ್ರೂ ಎಳೆಗೆ ಮೇಣ ಸವರಿ, ಕೈಯಲ್ಲೇ ತಿರುಗಿಸಿ. ಸಣ್ಣ ತೂತಿಗೆ ಒಣ ಸ್ಕ್ರೂ ಬಲವಂತವಾಗಿ ಹಾಕಿದಾಗಲೇ ತಲೆ ಮುರಿಯುವುದು, ಮರ ಸೀಳುವುದು. ಹಳೆಯ ತೂತಿಗೆ ಫೆವಿಕಾಲ್ ಹಚ್ಚಿದ ಹಲ್ಲುಕಡ್ಡಿಗಳನ್ನು ತುಂಬಿ, ಒಂದು ದಿನ ಒಣಗಿಸಿ, ಮಟ್ಟಕ್ಕೆ ಕತ್ತರಿಸಿ. ಸಡಿಲವಾದ ಬಟನ್‌ಗೂ ಇದೇ ಮದ್ದು. ಬೆಲೆಬಾಳುವ ಹಳೆಯ ಗಿಟಾರಿಗೆ ಮಾತ್ರ ಡ್ರಿಲ್ ತಾಗಿಸಬೇಡಿ, ಹೊಸ ತೂತು ಮರುಮಾರಾಟದ ಬೆಲೆ ತಿನ್ನುತ್ತದೆ.

ಇಷ್ಟೆಲ್ಲ ಮಾಡಿಯೂ ತೋಳಿನಿಂದ ಬೆರಳವರೆಗೆ ಜೋಮು ಹಿಡಿಯುತ್ತಿದ್ದರೆ ಸ್ಟ್ರ್ಯಾಪ್ ಹುಡುಕುವುದು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.